ತಾಳ ನಿಲ್ಲಿಸದ ದಿಂಡಿ

ಪುಣೆ, ಭವಾನಿ ಪೇಠ

ಆಷಾಢದ ವಾರಿ ಅಂದರೆ ಆಳಂದಿಯಿಂದ ಪಂಢರಪುರದವರೆಗೆ ಸುಮಾರು 250 ಕಿ.ಮೀ. ನಡಿಗೆ. ಜ್ಯೇಷ್ಠ ಬಹುಳ ಅಷ್ಟಮಿಗೆ ಸಂತ ಜ್ಞಾನೇಶ್ವರರ ಪಾದುಕೆಗಳನ್ನು ಪಾಲಖಿಯಲ್ಲಿ, ಅಂದರೆ ಪಲ್ಲಕ್ಕಿಯಲ್ಲಿ, ಇಟ್ಟು ಹೊರಟರೆ, ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಚಂದ್ರಭಾಗೆಯ ದಂಡೆ. ದೇಹೂವಿನಿಂದ ಸಂತ ತುಕಾರಾಮರ ಪಾಲಖಿ ಒಂದು ದಿನ ಮೊದಲೇ ಹೊರಟಿರುತ್ತದೆ. ಎರಡೂ ಪುಣೆಯಲ್ಲಿ ತಂಗುತ್ತವೆ. ಜ್ಞಾನೇಶ್ವರರದ್ದು ಭವಾನಿ ಪೇಠದ ವಿಠೋಬಾ ಗುಡಿಯಲ್ಲಿ, ತುಕಾರಾಮರದ್ದು ನಾನಾ ಪೇಠದಲ್ಲಿ. ಒಟ್ಟಾಗಿ ಭಜನೆ ಮಾಡುತ್ತಾ ನಡೆಯುವ ಗುಂಪಿಗೆ ದಿಂಡಿ ಅನ್ನುತ್ತಾರೆ. ನಾನು ದಿಂಡಿ ಸೇರಿಕೊಂಡದ್ದು ಪುಣೆಯಲ್ಲೇ.

ಕರೆದುಕೊಂಡು ಬಂದವಳು ನಮ್ಮ ಚಿಗವ್ವ. ಚಿಕ್ಕೋಡಿ ಕಡೆಯವಳು, ಎಪ್ಪತ್ತರ ಹತ್ತಿರ ವಯಸ್ಸು. ಕೊರಳಲ್ಲಿ ತುಳಸಿ ಮಾಲೆ, ಕಂಕುಳಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಎರಡು ಸೀರೆ, ಒಂದು ಚಾದರ, ಒಂದು ಜೋಡಿ ತಾಳ, ಒಂದು ಲೋಟ. ಮುಗೀತು. ನಾನು ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತಳಾದವಳು. ನನ್ನ ಬ್ಯಾಗಿನಲ್ಲಿ ಟಾರ್ಚು ಎರಡು, ಪವರ್ ಬ್ಯಾಂಕ್ ಎರಡು, ಜ್ವರದ ಮಾತ್ರೆ, ನೆಗಡಿ ಮಾತ್ರೆ, ಹೊಟ್ಟೆ ಮಾತ್ರೆ, ಒಂದು ಕೊಡೆ, ಕೊಡೆ ಹರಿದರೆ ಇರಲಿ ಅಂತ ರೇನ್‌ಕೋಟು.

ಬೆಂಗಳೂರಿನಲ್ಲಿ ಮಗನ ಕೆಲಸ ಹೋಗಿತ್ತು. ಮನೆ ಸಾಲದ ಕಂತು ತಿಂಗಳಾ ತಿಂಗಳಾ ಬರುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರಾದರೆ ಕತ್ತಲಲ್ಲೇ ಕೂಡುವುದು, ಕಳೆಯುವುದು. ಪೆನ್ಷನ್ ಇಷ್ಟು, ಎಫ್.ಡಿ. ಮುರಿಸಿದರೆ ಇಷ್ಟು, ಇಷ್ಟು ತಿಂಗಳು ತಡೆಯಬಹುದು. ನಾಲ್ಕಕ್ಕೆ ಮತ್ತೆ ಅದೇ ಲೆಕ್ಕ, ಅದೇ ಉತ್ತರ. ಡಾಕ್ಟರು ನಿದ್ರೆ ಮಾತ್ರೆ ಬರೆದುಕೊಟ್ಟರು. ಚಿಗವ್ವ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಈ ಸಲ ನನ್ನ ಕೂಡ ನಡಿ" ಅಂದಳು ಅಷ್ಟೇ. ಏಕೆ ಅಂತ ಹೇಳಲಿಲ್ಲ. ನಡೆದರೆ ಎಲ್ಲ ಸರಿ ಹೋಗುತ್ತದೆ ಅಂತಲೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಬಹುಶಃ ಬರುತ್ತಿರಲಿಲ್ಲ.

ಪುಣೆಯಿಂದ ಸಾಸವಡ

ಇಡೀ ದಾರಿಯಲ್ಲಿ ಅತಿ ಉದ್ದದ ನಡಿಗೆ ಇದು, ಮೂವತ್ತು ಕಿ.ಮೀ. ಮೀರುತ್ತದೆ. ಸಾಲದ್ದಕ್ಕೆ ಅದೇ ದಿನ ಏಕಾದಶಿ. ಎಲ್ಲರಿಗೂ ಉಪವಾಸ.

ಬೆಳಗಿನ ಜಾವ ದಿಂಡಿಯ ಲಾರಿ ಹತ್ತಿರ ಸಾಮಾನು ಹಾಕುತ್ತಿದ್ದರು. ಡೇರೆ, ಪಾತ್ರೆ, ಗ್ಯಾಸು, ಎಲ್ಲರ ಗಂಟು. ನಾನು ಬ್ಯಾಗು ಕೊಡಲಿಲ್ಲ. ಅಷ್ಟು ಜನರಲ್ಲಿ, ಅಷ್ಟು ಲಾರಿಗಳಲ್ಲಿ, ಸಂಜೆ ನನ್ನದು ನನಗೆ ಸಿಗುತ್ತದೆ ಅಂತ ಏನು ಖಾತ್ರಿ?

"ಹಾಕವಾ ಲಾರ್‍ಯಾಗ. ಬೆನ್ನ ಮ್ಯಾಲ ಹೊತಗೊಂಡು ದಿವೆ ಘಾಟ ಏರ್ತಿಯೇನು?"

"ಇರಲಿ ಚಿಗವ್ವಾ, ಭಾರ ಇಲ್ಲ."

ಅವಳು ಮತ್ತೆ ಒತ್ತಾಯ ಮಾಡಲಿಲ್ಲ.

ಹಡಪಸರದ ಹತ್ತಿರ ಎರಡು ಪಾಲಖಿಗಳ ದಾರಿ ಬೇರೆಯಾಗುತ್ತದೆ. ತುಕಾರಾಮರದ್ದು ಸೋಲಾಪುರದ ರಸ್ತೆ ಹಿಡಿಯುತ್ತದೆ, ಜ್ಞಾನೇಶ್ವರರದ್ದು ದಿವೆ ಘಾಟಿನ ಕಡೆ ತಿರುಗುತ್ತದೆ. ಘಾಟಿನ ಬುಡದಲ್ಲಿ ಪಾಲಖಿಯ ರಥಕ್ಕೆ ಇನ್ನಷ್ಟು ಜೋಡಿ ಎತ್ತು ಕಟ್ಟುತ್ತಾರೆ. ಕೆಳಗಿನಿಂದ ಮೇಲೆ ನೋಡಿದರೆ ರಸ್ತೆ ಕಾಣುವುದಿಲ್ಲ, ಬರೀ ಬಿಳಿ ಟೋಪಿ, ಬಣ್ಣದ ಸೀರೆ, ಕಾವಿ ಪತಾಕೆ. ಹೆಂಗಸರು ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತು ಏರುತ್ತಿದ್ದರು. ಕೆಲವರ ತಲೆಯ ಮೇಲೆ ನೀರಿನ ಬಿಂದಿಗೆ. ಬಾಯಾರಿದವರು ಕೈ ಒಡ್ಡಿದರೆ ಬಗ್ಗಿಸಿ ನೀರು ಹಾಕುತ್ತಿದ್ದರು. "ಜ್ಞಾನೋಬಾ ಮಾವುಲಿ ತುಕಾರಾಮ" ಅನ್ನುವ ಒಂದೇ ಘೋಷ, ತಾಳದ ಒಂದೇ ಲಯ. ಮಳೆ ಹನಿಯುತ್ತಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಕೊಪ್ಪೆ ಮಾಡಿಕೊಂಡು ಹಾಕಿಕೊಂಡಿದ್ದರು ಎಲ್ಲರೂ. ನನ್ನ ಕೊಡೆ ಆ ಗದ್ದಲದಲ್ಲಿ ಬಿಚ್ಚಲಿಕ್ಕೇ ಆಗಲಿಲ್ಲ.

ಅರ್ಧ ಘಾಟಿಗೆ ಬೆನ್ನು ಸೆಟೆದುಕೊಂಡಿತು. ಹಿಂದೆ ಬರುತ್ತಿದ್ದ ಒಬ್ಬ ಹುಡುಗ, ಕಾಲೇಜಿಗೆ ಹೋಗುವ ವಯಸ್ಸು, "ದ್ಯಾ ಮಾವುಲಿ" ಅಂತ ಬ್ಯಾಗಿಗೆ ಕೈ ಹಾಕಿದ. ವಾರಿಯಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರೂ ಮಾವುಲಿ, ಅಂದರೆ ತಾಯಿ. ಪೊಲೀಸಿನವನೂ ಮಾವುಲಿ, ಬಾಳೆಹಣ್ಣು ಹಂಚುವವನೂ ಮಾವುಲಿ. ಕೊಡಬೇಕೋ ಬೇಡವೋ ಅಂತ ನಾನು ಯೋಚಿಸುವಷ್ಟರಲ್ಲಿ ಬ್ಯಾಗು ಅವನ ಹೆಗಲಿಗೆ ಹೋಗಿತ್ತು. ಅವನ ಕೆಂಪು ಅಂಗಿಯ ಮೇಲೆ ಕಣ್ಣು ನೆಟ್ಟು ಘಾಟು ಮುಗಿಸಿದೆ. ಸುತ್ತಲಿನ ಬೆಟ್ಟ, ಮೋಡ, ಏನೂ ನೋಡಲಿಲ್ಲ. ಮೇಲೆ ಝೇಂಡೇವಾಡಿ ಹತ್ತಿರ ಬ್ಯಾಗು ವಾಪಸ್ ಕೊಟ್ಟು, ನನ್ನ ಕಾಲು ಮುಟ್ಟಿ ಹೊರಟುಹೋದ.

ಸಾಸವಡದಲ್ಲಿ ಬಿಡುವು

ಕರ್ಹಾ ನದಿ ದಂಡೆಯ ಊರು. ಇಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇದೆ. ಪಾಲಖಿ ಒಂದು ದಿನ ಜಾಸ್ತಿ ನಿಲ್ಲುತ್ತದೆ.

ಬಿಡುವಿನ ದಿನ ಅಂದರೆ ಕಾಲಿನ ದಿನ. ಊರ ತುಂಬ ಕಾಲುಗಳದ್ದೇ ಸೇವೆ. ಚಪ್ಪಲಿ ಹೊಲಿಯುವವರು ದುಡ್ಡು ತೆಗೆದುಕೊಳ್ಳದೆ ಹೊಲಿದುಕೊಡುತ್ತಿದ್ದರು. ಎಳೆ ಹುಡುಗರು ಮುದುಕರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದರು. ನನ್ನ ಎಡಗಾಲ ಹಿಮ್ಮಡಿಯಲ್ಲಿ ದೊಡ್ಡ ಗುಳ್ಳೆ ಎದ್ದಿತ್ತು. ದಿಂಡಿಯ ಒಬ್ಬ ಅಜ್ಜಿ ಸೂಜಿಗೆ ದಾರ ಪೋಣಿಸಿ, ಗುಳ್ಳೆಯ ಈ ಕಡೆಯಿಂದ ಆ ಕಡೆಗೆ ಎಳೆದು, ದಾರವನ್ನು ಅಲ್ಲೇ ಬಿಟ್ಟಳು. ನೀರು ತಾನಾಗಿ ಇಳಿಯುತ್ತದಂತೆ. ಸಂಜೆ ಔಷಧಿ ಡೇರೆಯ ಡಾಕ್ಟರ್ ಹುಡುಗಿ ಅದನ್ನು ನೋಡಿ, ದಾರ ಕಿತ್ತು ಹಾಕಿ, ತೊಳೆದು, ಪಟ್ಟಿ ಕಟ್ಟಿ ಚೆನ್ನಾಗಿ ಬೈದಳು. ಅಜ್ಜಿಗೆ ಹೇಳಿದರೆ ನಕ್ಕಳು.

ಅವತ್ತು ಬ್ಯಾಗು ಲಾರಿಗೆ ಹಾಕಿದೆ. ಭಕ್ತಿಯಿಂದಲ್ಲ, ಬೆನ್ನು ನೋವಿನಿಂದ.

ಜೇಜುರಿ

ದೂರ ಕಡಿಮೆ. ಮಧ್ಯಾಹ್ನವೇ ಗುಡ್ಡ ಕಾಣಿಸಿತು. ಖಂಡೋಬನ ಊರು, ನಮ್ಮ ಕಡೆಯ ಮೈಲಾರಲಿಂಗ. ಪಾಲಖಿ ಊರೊಳಗೆ ಬಂದಾಗ ಮೇಲಿಂದ, ಪಕ್ಕದಿಂದ, ಮಾಳಿಗೆಗಳಿಂದ ಭಂಡಾರ ಎರಚಿದರು. ವೈಷ್ಣವರ ಪಾಲಖಿ, ಶಿವನ ಊರು, ಅರಿಶಿನ ಮಾತ್ರ ಎಲ್ಲರ ಮೇಲೂ ಒಂದೇ. ನನ್ನ ಕನ್ನಡಕದ ಗಾಜು ಹಳದಿಯಾಗಿ ಮುಂದಿನದು ಏನೂ ಕಾಣಲಿಲ್ಲ. ಒರೆಸಿಕೊಳ್ಳಲು ಸೀರೆಯ ಸೆರಗಿನಲ್ಲೂ ಹಳದಿಯೇ.

ರಾತ್ರಿ ಎರಡಕ್ಕೆ ಎಚ್ಚರ. ಡೇರೆಯಲ್ಲಿ ಇಪ್ಪತ್ತು ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಗೊರಕೆ ಹೊಡೆಯುತ್ತಿದ್ದರು. ನೆಲ ತಣ್ಣಗಿತ್ತು. ನಾನು ಕಂತು ಎಣಿಸುತ್ತಾ ಮಲಗಿದ್ದೆ. ಇಷ್ಟು ದೂರ ಬಂದರೂ ಲೆಕ್ಕ ಬಿಡಲಿಲ್ಲವಲ್ಲ ಅಂತ ಅಳು ಬಂತು. ಪಕ್ಕದವಳು ನಿದ್ದೆಯಲ್ಲೇ ನನ್ನ ಮೇಲೆ ಕೈ ಹಾಕಿ ಮಗ್ಗುಲಾದಳು. ಯಾರು ಅಂತ ಬೆಳಗ್ಗೆ ಕೂಡ ಗೊತ್ತಾಗಲಿಲ್ಲ.

ವಾಲ್ಹೆ

ವಾಲ್ಮೀಕಿಯ ಊರು ಅಂತ ಇಲ್ಲಿಯ ನಂಬಿಕೆ. ಹಗಲು ಹೇಳುವಂಥದ್ದು ಏನೂ ನಡೆಯಲಿಲ್ಲ. ನಡೆದೆವು, ಪಿಠಲೆ ಭಾಕರಿ ತಿಂದೆವು, ಮತ್ತೆ ನಡೆದೆವು. ಆದರೆ ಸಂಜೆ ನೋಡಿದ, ಎಲ್ಲ ದಿಂಡಿಗಳೂ ಸೇರಿ ಮಾಡುವ ಸಮಾಜ ಆರತಿಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಪಾಲಖಿ ತಂಗುವ ಬಯಲಿಗೆ ತಳ ಅನ್ನುತ್ತಾರೆ. ಅಲ್ಲಿ ದಿಂಡಿಗಳು ಪಾಲಖಿಯ ಸುತ್ತ ತಮ್ಮ ತಮ್ಮ ಕ್ರಮದಲ್ಲಿ ನಿಲ್ಲುತ್ತವೆ. ಕ್ರಮ ಅಂದರೆ ಕ್ರಮ. ರಥದ ಮುಂದೆ 27 ದಿಂಡಿ, ಉಳಿದವು ಹಿಂದೆ. ಯಾವುದು ಎಷ್ಟನೆಯದು ಅನ್ನುವುದು ಮೊದಲೇ ಗೊತ್ತು. 19ನೇ ಶತಮಾನದಲ್ಲಿ ಹೈಬತರಾವಬಾಬಾ ಆರಫಳಕರ್ ಈ ಪಾಲಖಿಗೆ ಹಾಕಿಕೊಟ್ಟ ಶಿಸ್ತು ಅದು. ಸಾವಿರಾರು ತಾಳ ಒಟ್ಟಿಗೆ ಬಡಿಯುತ್ತಿರುತ್ತವೆ. ಮಾತಾಡಿದರೆ ಪಕ್ಕದವರಿಗೂ ಕೇಳುವುದಿಲ್ಲ. ಆಗ ಶಿಸ್ತು ನೋಡಿಕೊಳ್ಳುವ ಚೋಪದಾರ ನಡುವೆ ನಿಂತು ಬೆಳ್ಳಿ ಕೋಲನ್ನು ಮೇಲೆತ್ತುತ್ತಾನೆ. ಅಷ್ಟೇ. ಮೈಕಿಲ್ಲ, ಸೀಟಿ ಇಲ್ಲ. ಅಷ್ಟೂ ತಾಳ ಗಪ್.

ಅವತ್ತು ಎಲ್ಲ ನಿಂತ ಮೇಲೂ ಒಂದು ಮೂಲೆಯಲ್ಲಿ ತಾಳ ಬಡಿಯುತ್ತಲೇ ಇತ್ತು. ಟಣ್ ಟಣ್ ಟಣ್. ಯಾರೋ ಗಮನಿಸಿಲ್ಲ ಪಾಪ, ಅಂದುಕೊಂಡೆ.

"ಗಮನಿಸ್ಯಾರ. ಅವ್ರದು ತಕರಾರ್ ಐತಿ," ಅಂದಳು ಚಿಗವ್ವ.

"ತಕರಾರಾ? ಇಲ್ಲಿಯಾ?"

"ಮತ್ತೆಲ್ಲಿ? ತಕರಾರ್ ಇದ್ದ ದಿಂಡಿ ತಾಳ ನಿಲ್ಸೂದಿಲ್ಲ. ಅವ್ರ ಮಾತು ಕೇಳೂತನಾ ಆರತಿ ಇಲ್ಲ."

ಹಾಗೇ ಆಯಿತು. ಕೋಲು ಹಿಡಿದವರು ಆ ದಿಂಡಿಯ ಹತ್ತಿರ ಹೋದರು. ಡೇರೆ ಹಾಕುವ ಜಾಗದ್ದೋ ನೀರಿನದ್ದೋ ಏನೋ ಜಗಳ, ನನಗೆ ಪೂರ್ತಿ ತಿಳಿಯಲಿಲ್ಲ. ದಿಂಡಿಯ ಹಿರಿಯರು ಏರು ದನಿಯಲ್ಲೇ ಹೇಳಿದರು. ಹೇಳಿ ಮುಗಿಸಿದರು. ಏನೋ ತೀರ್ಮಾನ ಆಯಿತು. ತಾಳ ನಿಂತಿತು. ಆಮೇಲೆ ಕಳೆದುಹೋದ ವಸ್ತುಗಳ ಪಟ್ಟಿ ಓದಿದರು, ಸಿಕ್ಕಿದವುಗಳನ್ನೂ ಹೇಳಿದರು. ಒಂದು ಕನ್ನಡಕ, ಒಂದು ಹಣದ ಚೀಲ, ಮುದುಕರೊಬ್ಬರ ಊರುಗೋಲು. ಮರುದಿನ ಎಷ್ಟು ಹೊತ್ತಿಗೆ ಹೊರಡುವುದು ಅನ್ನುವುದೂ ಆಯಿತು. ಕೊನೆಗೆ ಆರತಿ. ತಾಳ ನಿಲ್ಲಿಸದ ಆ ಜನವೂ ಎಲ್ಲರ ಹಾಗೆ ಕಣ್ಣು ಮುಚ್ಚಿ ಹಾಡಿದರು.

ನನಗೆ ಇದು ಆಶ್ಚರ್ಯ. ದೇವರನ್ನು ನಂಬುವುದು ಅಂದರೆ ಕಷ್ಟ ಬಂದರೂ ಬಾಯಿ ಬಿಡದೆ ಇರುವುದು ಅಂತ ಚಿಕ್ಕಂದಿನಿಂದ ಕೇಳಿದ್ದೆ. "ಅವನಿಗೆ ಗೊತ್ತಿಲ್ಲವೇ, ನೀನ್ಯಾಕೆ ಹೇಳಬೇಕು" ಅನ್ನುತ್ತಿದ್ದರು ಮನೆಯಲ್ಲಿ. ಹಾಗಾಗಿ ನಾನು ಗುಡಿಗೆ ಹೋದಾಗ ಏನೂ ಕೇಳುತ್ತಿರಲಿಲ್ಲ. ಕೇಳದೆ ಮನೆಗೆ ಬಂದು ರಾತ್ರಿಯೆಲ್ಲ ನನಗೇ ಹೇಳಿಕೊಳ್ಳುತ್ತಿದ್ದೆ. ಇಲ್ಲಿ ನೋಡಿದರೆ ಪಾದುಕೆಗಳ ಎದುರಿಗೇ, ಆರತಿಯನ್ನೇ ತಡೆದು, ನಮಗೆ ಸರಿ ಹೋಗಿಲ್ಲ ಅಂತ ಹೇಳುವುದಕ್ಕೆ ಒಂದು ಪದ್ಧತಿ ಇದೆ. ಹೇಳಿಯಾದ ಮೇಲೆ ತಾಳ ನಿಲ್ಲಿಸಬೇಕು ಅನ್ನುವುದೂ ಅದೇ ಪದ್ಧತಿಯೊಳಗೆ ಇದೆ.

ಡೇರೆಗೆ ಬಂದು ಚಿಗವ್ವನಿಗೆ ಕೇಳಿದೆ, "ನೀನು ವಿಠ್ಠಲನ ಹತ್ರ ತಕರಾರು ಹೇಳಿದ್ದಿಯೇನು?"

ಅವಳು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ನಿಮ್ಮ ಕಾಕಾ ತೀರಿಕೊಂಡ ವರ್ಷ ಪಂಢರಪುರದತನಾ ಬೈಕೋತ ನಡದೇನಿ. ದಾರಿ ತುಂಬ ಬೈದೆ."

"ಆಮೇಲೆ?"

"ಆಮ್ಯಾಲೇನು, ಬೈಯೂದು ತೀರ್ತು. ಮಲ್ಕೋ, ನಾಳಿ ನೀರಾ ನದ್ಯಾಗ ಸ್ನಾನ ಐತಿ."

ನೀರಾ ನದಿ, ಲೋಣಂದ

ನೀರಾ ನದಿಯಲ್ಲಿ ಪಾದುಕೆಗಳಿಗೆ ಸ್ನಾನ. ಪಾಲಖಿ ಪುಣೆ ಜಿಲ್ಲೆ ದಾಟಿ ಸಾತಾರಾ ಜಿಲ್ಲೆಗೆ ಬರುವುದು ಇಲ್ಲಿಯೇ. ಪಾದುಕೆಗಳನ್ನು ಎತ್ತಿಕೊಂಡು ನೀರಿಗೆ ಇಳಿಯುವಾಗ ಎರಡೂ ದಂಡೆಯ ಜನ ಒಟ್ಟಿಗೆ ಕೂಗಿದರು. ನಾನು ಮೊಣಕಾಲಿನವರೆಗೆ ಇಳಿದು ನಿಂತಿದ್ದೆ. ಪಟ್ಟಿ ಕಟ್ಟಿದ ಕಾಲನ್ನು ತೋಯಿಸಬಾರದು ಅಂತ ಡಾಕ್ಟರ್ ಹುಡುಗಿ ಹೇಳಿದ್ದಳು. ತೋಯಿತು.

ಲೋಣಂದದಲ್ಲಿ ರಾತ್ರಿ ಮತ್ತೆ ಎರಡಕ್ಕೆ ಎಚ್ಚರ. ಈ ಸಲ ಎದ್ದು ಡೇರೆಯ ಹೊರಗೆ ಕೂತೆ. ಬಯಲ ತುಂಬ ಡೇರೆಗಳು. ದೂರದಲ್ಲಿ ಎಲ್ಲೋ ಭಜನೆ ಇನ್ನೂ ನಡೆದಿತ್ತು. ನೀರಿನ ಟ್ಯಾಂಕರು ಬಂದು ಡಬರಿಗಳ ಸದ್ದು ಶುರುವಾಗಿತ್ತು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಸಣ್ಣ ದನಿಯಲ್ಲಿ, ಬ್ಯಾಂಕಿನಲ್ಲಿ ಮ್ಯಾನೇಜರಿಗೆ ಹೇಳುವ ಹಾಗೆ, ವಿಠ್ಠಲನಿಗೆ ಪೂರ್ತಿ ಹೇಳಿದೆ. ಸಾಲ ಇಷ್ಟು ಉಳಿದಿದೆ. ಕಂತು ಇಷ್ಟು. ಮಗ ಫೋನಿನಲ್ಲಿ ನಗುತ್ತಾನೆ, ಆ ನಗು ಸುಳ್ಳು. ಸೊಸೆ ನನ್ನ ಹತ್ತಿರ ದುಡ್ಡಿನ ಮಾತು ಆಡುವುದಿಲ್ಲ, ಅದು ನನಗೆ ಇನ್ನೂ ಭಯ. ನನಗೆ ಏನಾದರೂ ಆದರೆ ಪೆನ್ಷನ್ ಕೂಡ ನಿಲ್ಲುತ್ತದೆ. ಹೇಳುತ್ತಾ ಹೇಳುತ್ತಾ ದನಿ ಸ್ವಲ್ಪ ಏರಿತು. ಇಷ್ಟು ವರ್ಷ ಯಾರದ್ದೂ ಒಂದು ರೂಪಾಯಿ ಹೆಚ್ಚು ಕಡಿಮೆ ಮಾಡಲಿಲ್ಲ, ನಮಗೇ ಯಾಕೆ ಅಂತಲೂ ಕೇಳಿಬಿಟ್ಟೆ.

ಏನೂ ಉತ್ತರ ಬರಲಿಲ್ಲ. ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೆ ಹೇಳುವುದು ಮುಗಿದಿತ್ತು. ಮತ್ತೆ ಮೊದಲಿನಿಂದ ಶುರು ಮಾಡಲು ನೋಡಿದೆ, ಅಭ್ಯಾಸ ಅಲ್ವಾ. ಹೇಳಿದ್ದನ್ನೇ ಹೇಳುವುದು ಆ ಹೊತ್ತಿಗೆ ನನಗೇ ಸ್ವಲ್ಪ ನಾಚಿಕೆ ಅನ್ನಿಸಿತು. ತಾಳ ಕೆಳಗಿಡಬೇಕು ಈಗ, ಅಂದುಕೊಂಡೆ. ಒಳಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ಆದರೆ ಲೆಕ್ಕ ಮಾಡಲಿಲ್ಲ.

ಚಾಂದೋಬಾಚಾ ಲಿಂಬ್, ತರಡಗಾವ್

ಇವತ್ತು ಮೊದಲ ರಿಂಗಣ. ರಸ್ತೆಯ ಎರಡೂ ಬದಿಗೆ ದಿಂಡಿಗಳು ಸಾಲಾಗಿ ನಿಂತು ನಡುವೆ ದಾರಿ ಬಿಡುತ್ತವೆ. ಆ ದಾರಿಯಲ್ಲಿ ಎರಡು ಕುದುರೆ ಓಡುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಇಲ್ಲ. ಅದರ ಮೇಲೆ ಜ್ಞಾನೇಶ್ವರರೇ ಕೂತಿದ್ದಾರೆ ಅಂತ ನಂಬಿಕೆ.

ಈ ಕುದುರೆಗಳು ನಮ್ಮವು. ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ ಶಿತೋಳೆ ಸರಕಾರ್ ಮನೆತನದವರು ಇವನ್ನು ಪ್ರತಿ ವರ್ಷ ಕಳಿಸುತ್ತಾರೆ. ಕೃಷ್ಣಾ ದಂಡೆಯ ಆ ಊರಿಂದ ನಡೆದೇ ಆಳಂದಿಗೆ ಬಂದು, ಅಲ್ಲಿಂದ ಮತ್ತೆ ಪಾಲಖಿಯ ಜೊತೆ ಪಂಢರಪುರಕ್ಕೆ. ನಮ್ಮ ದಿಂಡಿಯ ಗಂಡಸರು ಸುತ್ತಲಿನ ಮರಾಠಿ ಜನಕ್ಕೆ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದರು. ಅವರಿಗೆಲ್ಲ ಮೊದಲೇ ಗೊತ್ತಿರುವ ವಿಷಯ ಅದು. ಆದರೂ ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದರು.

ಖಾಲಿ ಬೆನ್ನಿನ ಕುದುರೆ ನನ್ನಿಂದ ಒಂದು ಮಾರು ದೂರದಲ್ಲಿ ಹಾದುಹೋಯಿತು. ಬಿಳಿ ಮೈ, ಕತ್ತಿನಲ್ಲಿ ಹೂವಿನ ಹಾರ, ಬಾಯಿಯ ನೊರೆ, ಕಾಲಿನಿಂದ ಹಾರಿದ ಮಣ್ಣು ನನ್ನ ಮುಖಕ್ಕೆ. ಅದು ಹೋದದ್ದೇ ತಡ, ಜನ ಬಗ್ಗಿ ಗೊರಸಿನ ಗುರುತಿನ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡರು. ಚಿಗವ್ವ ತನಗೂ ಹಚ್ಚಿಕೊಂಡು ನನಗೂ ಹಚ್ಚಿದಳು, ಒಂದು ಚಿಟಿಕೆ ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಹೆಂಗಸರು ಫುಗಡಿ ಆಡಿದರು. ಮೊಣಕಾಲು ನೋವು ಅಂತ ಬೆಳಗ್ಗೆಯಿಂದ ಕುಂಟುತ್ತಿದ್ದವರೇ ಕೈ ಕೈ ಹಿಡಿದು ಗರಗರ ತಿರುಗಿದರು.

ಫಲಟಣ, ಬರಡ, ನಾತೇಪುತೆ

ಇವು ಒಂದರ ಹಿಂದೆ ಒಂದು ಬಂದು ಹೋದವು. ಘಾಟು ಮುಗಿದು ಬಯಲು ಸೀಮೆ. ಮಳೆ ಕಡಿಮೆ, ಧೂಳು ಜಾಸ್ತಿ. ಫಲಟಣದಲ್ಲಿ ಒಂದು ಮನೆಯವರು ನಮ್ಮ ಇಡೀ ಗುಂಪಿಗೆ ಹೋಳಿಗೆ ಊಟ ಹಾಕಿದರು. ಮನೆಯ ಯಜಮಾನಿ ಎಲ್ಲರ ಕಾಲಿಗೂ ನೀರು ಹಾಕಿದಳು. ನನಗೆ ಸಂಕೋಚವಾಗಿ ಕಾಲು ಹಿಂದೆ ಎಳೆದುಕೊಂಡೆ. ಅವಳಿಗೆ ಬೇಜಾರಾಯಿತು. ಚಿಗವ್ವ ಗದರಿದಳು, "ಕೊಡಾವ್ರಿದ್ದಾಗ ಇಸ್ಕೋಳಾಕ ಬರಬೇಕವಾ."

ವಾರಿಯಲ್ಲಿ ಎಲ್ಲ ಚೆಂದ ಅಂತ ಹೇಳುವುದಿಲ್ಲ. ಹೆಂಗಸರಿಗೆ ಶೌಚದ್ದು ದೊಡ್ಡ ತೊಂದರೆ. ತಾತ್ಕಾಲಿಕ ಶೌಚಾಲಯ ಇಡುತ್ತಾರೆ, ಸಾಲುವುದಿಲ್ಲ. ಕತ್ತಲಿರುವಾಗಲೇ ಎದ್ದು ಹೋಗಬೇಕು, ಅದಕ್ಕಾಗಿ ರಾತ್ರಿ ನೀರು ಕಡಿಮೆ ಕುಡಿಯುವವರನ್ನು ನೋಡಿದೆ. ಪಾಲಖಿ ಬಿಟ್ಟ ಊರಿನಲ್ಲಿ ಬೀಳುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನೋಡಿದರೆ ಬೇಸರವಾಗುತ್ತದೆ. ವಿಠ್ಠಲ ನೋಡಿಕೊಳ್ಳುತ್ತಾನೆ ಅಂತ ಇದನ್ನೆಲ್ಲ ಬಿಡಲಿಕ್ಕಾಗುವುದಿಲ್ಲ. ನಮ್ಮ ದಿಂಡಿಯ ಹಿರಿಯರೇ ಟ್ಯಾಂಕರು ತಡವಾದರೆ ಫೋನ್ ಹಚ್ಚಿ ಜಗಳ ಮಾಡುತ್ತಿದ್ದರು, ಜಗಳ ಮುಗಿಸಿ ವೀಣೆ ಹಿಡಿಯುತ್ತಿದ್ದರು.

ಬರಡದಲ್ಲಿ ಪೂರ್ತಿ ನಿದ್ದೆ ಮಾಡಿದೆ. ತುತ್ತೂರಿ ಊದಿದ್ದೂ ಕೇಳಲಿಲ್ಲ. ಡೇರೆಯ ಗೂಟ ಕೀಳುವವರು ಬಂದು ಎಬ್ಬಿಸಿದರು. ಕಾರಣ ಏನು ಅಂತ ನನ್ನನ್ನು ಕೇಳಿದರೆ ಹದಿನೈದು ಇಪ್ಪತ್ತು ಕಿ.ಮೀ. ನಡೆದ ಯಾರಿಗಾದರೂ ನಿದ್ದೆ ಬರುತ್ತದೆ ಅಂತ ಹೇಳಬಹುದು. ನಾನೂ ಹಾಗೇ ಅಂದುಕೊಂಡೆ. ಆದರೆ ದಿವೆ ಘಾಟು ಏರಿದ ರಾತ್ರಿ ಇದಕ್ಕಿಂತ ಜಾಸ್ತಿ ದಣಿದಿದ್ದೆ, ಅವತ್ತು ಬಂದಿರಲಿಲ್ಲ.

ಮಾಳಶಿರಸ

ಬರುವ ದಾರಿಯಲ್ಲಿ ಪುರಂದಾವಡೆ ಹತ್ತಿರ ದೊಡ್ಡ ಬಯಲಿನಲ್ಲಿ ಗೋಲ ರಿಂಗಣ. ಕುದುರೆಗಳು ಈ ಸಲ ಸುತ್ತು ಹಾಕಿದವು. ನಾನು ಹಿಂದೆ ನಿಂತಿದ್ದೆ, ಸರಿಯಾಗಿ ಕಾಣಲಿಲ್ಲ. ಚಾರ್ಜ್ ಹಾಕುವ ಸಾಲಿನಲ್ಲಿ ಫೋನ್ ಇಟ್ಟಿದ್ದೆ. ತೆಗೆದುಕೊಂಡಾಗ ಮಗನ ಮಿಸ್ಡ್ ಕಾಲ್ ಇತ್ತು.

ಒಂದು ಕಡೆ ಇಂಟರ್‌ವ್ಯೂ ಕೊನೆಯ ಸುತ್ತಿನವರೆಗೆ ಹೋಗಿತ್ತು. ಆಗಲಿಲ್ಲವಂತೆ. "ಏನಿಲ್ಲಮ್ಮಾ, ಇನ್ನೊಂದು ಕಡೆ ಹಾಕಿದ್ದೀನಿ. ನೀನು ಆರಾಮಾಗಿ ಬಾ," ಅಂದ. ಈ ಸಲ ನಗಲಿಲ್ಲ. ನಗದೆ ಇದ್ದದ್ದು ನನಗೆ ಸಮಾಧಾನ ಅನ್ನಿಸಿತು, ಯಾಕೋ. "ಭಯ ಆಗ್ತಿದೆಯಾ?" ಅಂತ ಕೇಳಿದೆ. ಎಂದೂ ಕೇಳಿದವಳಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೂಂ" ಅಂದ. ನಾವಿಬ್ಬರೂ ಸುಮ್ನೆ ಫೋನ್ ಹಿಡಿದುಕೊಂಡು ನಿಂತೆವು. ಹಿಂದಿನಿಂದ ಹರಿಪಾಠದ ಹಾಡು ಕೇಳಿಸುತ್ತಿತ್ತು, ಅವನಿಗೂ ಕೇಳಿಸಿರಬೇಕು. "ಗಲಾಟೆ ಎಷ್ಟಿದೆಯಮ್ಮಾ ಅಲ್ಲಿ" ಅಂದ.

ಸಂಜೆ ಚಿಗವ್ವನ ತಾಳ ಇಸಿದುಕೊಂಡು ಬಡಿದೆ. ಲಯ ತಪ್ಪಿತು. ಪಕ್ಕದವಳು ನನ್ನ ಮಣಿಕಟ್ಟು ಹಿಡಿದು ಎರಡು ಸಲ ಬಡಿಸಿ ತೋರಿಸಿದಳು. ವಿಠ್ಠಲನಿಗೆ ಇವತ್ತಿನ ಸುದ್ದಿ ಹೇಳಿದೆ, ಒಂದೇ ಸಲ. ಬೈದೆ ಕೂಡ.

ವೇಳಾಪುರ, ಭಂಡಿಶೇಗಾವ್

ವೇಳಾಪುರಕ್ಕೆ ಮೊದಲು ಒಂದು ಇಳಿಜಾರು ಬರುತ್ತದೆ. ಅಲ್ಲಿ ಧಾವಾ. ತುಕಾರಾಮರಿಗೆ ಇಲ್ಲಿಂದ ವಿಠ್ಠಲನ ಗುಡಿಯ ಶಿಖರ ಕಂಡು ಓಡಿದರಂತೆ, ಹಾಗಾಗಿ ಎಲ್ಲರೂ ಓಡುತ್ತಾರೆ. ಶಿಖರ ನನಗಂತೂ ಕಾಣಲಿಲ್ಲ. ಆದರೂ ಓಡಿದೆ. ಪಟ್ಟಿ ಬಿಚ್ಚಿಹೋಯಿತು, ಚಪ್ಪಲಿಯ ಬಾರು ಕಿತ್ತಿತು. ಎಂಟು ವರ್ಷದ ಹುಡುಗಿಯರಿಂದ ಎಂಬತ್ತರ ಮುದುಕರವರೆಗೆ ಕೇಕೆ ಹಾಕಿಕೊಂಡು ಓಡುವಾಗ ಒಬ್ಬಳೇ ನಿಂತು ನೋಡುವುದು ಕಷ್ಟ.

ಭಂಡಿಶೇಗಾವಿನಿಂದ ಮುಂದೆ ಗಾಳಿಯಲ್ಲೇ ಏನೋ ಅವಸರ. ಜನ ನಿದ್ದೆ ಕಡಿಮೆ ಮಾಡುತ್ತಾರೆ, ಮಾತು ಜಾಸ್ತಿ ಮಾಡುತ್ತಾರೆ.

ವಾಖರಿ, ಪಂಢರಪುರ

ವಾಖರಿಯಲ್ಲಿ ಬೇರೆ ಬೇರೆ ಕಡೆಯಿಂದ ಬಂದ ಪಾಲಖಿಗಳೆಲ್ಲ ಸೇರುತ್ತವೆ. ಅಲ್ಲಿಂದ ಪಂಢರಪುರದವರೆಗೆ ರಸ್ತೆಯಲ್ಲಿ ಕಾಲಿಡುವಷ್ಟೇ ಜಾಗ. ನಾವು ನಡೆದೆವು ಅನ್ನುವುದಕ್ಕಿಂತ ಜನ ನಮ್ಮನ್ನು ಊರೊಳಗೆ ತಂದರು ಅನ್ನಬೇಕು.

ಏಕಾದಶಿಯ ಬೆಳಗ್ಗೆ ಚಂದ್ರಭಾಗೆಯಲ್ಲಿ ಸ್ನಾನ. ಇದು ನಮ್ಮ ಭೀಮಾ ನದಿಯೇ. ಇಲ್ಲಿಂದ ಹರಿದು ವಿಜಯಪುರ, ಕಲಬುರಗಿ ಕಡೆ ಬಂದು ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ನೀರು ಕೆಸರು ಬಣ್ಣ. ಪುಂಡಲೀಕನ ಗುಡಿಯ ಹತ್ತಿರ ಮುಳುಗು ಹಾಕಿ ಎದ್ದೆವು. ಗುಡಿಯೊಳಗೆ ಮಹಾಪೂಜೆ ಬೆಳಗಿನ ಜಾವವೇ ಮುಖ್ಯಮಂತ್ರಿಗಳ ಕೈಯಿಂದ ಆಗಿತ್ತು. ವಿಠ್ಠಲನ ಪಾದ ಮುಟ್ಟುವ ಸಾಲು ಊರಾಚೆಗೆ ಹೋಗಿತ್ತು. ಹಿಂದಿನ ದಿನ ನಿಂತವರು ಇನ್ನೂ ಶೆಡ್ಡುಗಳಲ್ಲಿ ಕೂತಿದ್ದರು.

ನನಗೆ ಸಾಲಿನಲ್ಲಿ ನಿಲ್ಲಬೇಕು ಅಂತ ಆಸೆ. ಇಷ್ಟು ದೂರ ನಡೆದು ಮುಖ ನೋಡದೆ ಹೋಗುವುದೇ?

ಚಿಗವ್ವ ನಾಮದೇವ ಪಾಯರಿಯ ಹತ್ತಿರ ಕರೆದುಕೊಂಡು ಹೋದಳು. ಗುಡಿಗೆ ಹೋಗುವವರ ಪಾದ ತಲೆಗೆ ತಾಗಲಿ ಅಂತ ಸಂತ ನಾಮದೇವರು ಬಯಸಿದ ಮೆಟ್ಟಿಲು ಅದು. ಎದುರಿಗೇ ಸಂತ ಚೋಖಾಮೇಳನ ಸಮಾಧಿ. ಬದುಕಿರುವಾಗ ಅವನ ಜಾತಿಯ ಕಾರಣಕ್ಕೆ ಅವನನ್ನು ಗುಡಿಯೊಳಗೆ ಬಿಡಲಿಲ್ಲ. ಒಳಗೆ ಹೋಗದೆಯೇ ಹಾಡಿದ, ಹಾಡಿನಲ್ಲಿ ವಿಠ್ಠಲನನ್ನು ಯಾಕೆ ಹೀಗೆ ಅಂತ ಕೇಳಿದ. ಚಿಗವ್ವ ಮೊದಲು ಅಲ್ಲಿ ತಲೆಯಿಟ್ಟಳು, ಆಮೇಲೆ ಪಾಯರಿಗೆ. ಎದ್ದು, ಮೇಲೆ ನೋಡಿ ಕಳಸಕ್ಕೆ ಕೈ ಮುಗಿದಳು. ಸುತ್ತ ಸಾವಿರಾರು ಜನ ಅದನ್ನೇ ಮಾಡುತ್ತಿದ್ದರು. ಕಳಸ ನೋಡುವುದು, ಊರ ಪ್ರದಕ್ಷಿಣೆ ಹಾಕುವುದು, ತಿರುಗಿ ಹೊಲಕ್ಕೆ ಹೋಗುವುದು. ಬಿತ್ತನೆ ಕೆಲಸ ಅರ್ಧ ಬಿಟ್ಟು ಬಂದವರು.

"ನೀ ಇಷ್ಟು ವರ್ಷದಾಗ ಎಷ್ಟು ಸಲ ಒಳಗ ಹೋಗಿ ಚಿಗವ್ವಾ?"

"ಆಷಾಢಕ್ಕ? ಹೋಗಿಲ್ಲ."

ನಾನು ಅಲ್ಲೇ ನಿಂತು ಕಳಸ ನೋಡಿದೆ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮಗನ ವಿಷಯ ಇನ್ನೊಮ್ಮೆ ಹೇಳಬೇಕೆನ್ನಿಸಿತು. ಬಾಯಿ ತೆರೆದೆ. ಚಿಗವ್ವ ಚೀಲ ಕಂಕುಳಿಗೆ ಏರಿಸಿಕೊಂಡು ನನ್ನ ತೋಳು ಹಿಡಿದು ಎಳೆದಳು.

"ದಾರಿಗುಂಟ ಎಲ್ಲಾ ಹೇಳಿಯಿಲ್ಲೋ? ಮತ್ತ ನಡಿ. ಮಿರಜದ ಬಸ್ ತಪ್ಪಿತಂದ್ರ ನಮ್ಮನ್ನ ಮನಿತನಾ ಬಿಡಾಕ ವಿಠ್ಠಲ ಬರಾಂಗಿಲ್ಲ."